ಅರ್ಧ ನಿಮಿಷ ಮುಂಚಿನ ಅಯ್ಯೋ

ನಿನ್ನೆ ರಾತ್ರಿ ಹನ್ನೊಂದೂಕಾಲಿಗೆ ಮೇಲಿನ ಮನೆಯಿಂದ "ಅಯ್ಯೋ!" ಅಂತ ಕೂಗು ಬಂತು. ನನಗೆ ಆಗಷ್ಟೇ ಕಣ್ಣು ಹತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಯಾರಿಗೋ ಏನೋ ಆಯ್ತು ಅಂತ ಮೆಟ್ಟಿಲು ಹತ್ತಿ ಓಡುತ್ತಿದ್ದರು. ನಾನು ಓಡಲಿಲ್ಲ. ಕತ್ತಲಲ್ಲೇ ದಿಂಬಿನ ಕೆಳಗೆ ಕೈ ಹಾಕಿ ಫೋನ್ ತೆಗೆದು, ಇವತ್ತು ಯಾವ ಮ್ಯಾಚ್ ಇದೆ ಅಂತ ಹುಡುಕಿದೆ. ಯಾವುದೂ ಇರಲಿಲ್ಲ. ಐಪಿಎಲ್ ಇಲ್ಲ, ಕಬಡ್ಡಿ ಇಲ್ಲ, ಇಂಡಿಯಾ ಆಟವೂ ಇಲ್ಲ. ಹಾಗಾದರೆ ಓನರ್ ಅಂಕಲ್ ಕೂಗಿದ್ದು ಯಾಕೆ? ಅದು ಗೊತ್ತಾಗದೆ ನಿದ್ದೆ ಬರೋದಾದರೂ ಹೇಗೆ? ಬೆಳಗ್ಗೆಯಿಂದ ಆಫೀಸಿನಲ್ಲಿ ಮೂರು ಕಾಫಿ ಆಗಿದೆ, ಆಕಳಿಕೆ ಇನ್ನೂ ನಿಂತಿಲ್ಲ. ಅದೇ ಉರಿಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹನುಮಂತನಗರದಲ್ಲಿ ಕೆಳಗಿನ ಮನೆ, ಬಾಡಿಗೆಗೆ. ಮೇಲೆ ಓನರ್ ಅಂಕಲ್, ಆಂಟಿ. ಅಂಕಲ್ ರಿಟೈರ್ ಆಗಿ ಹತ್ತು ವರ್ಷದ ಮೇಲಾಯಿತು. ಒಳ್ಳೆಯವರು. ನೀರು ಬಿಡುವುದರಲ್ಲಿ ಜಿಪುಣತನ ಇಲ್ಲ, ಬಾಡಿಗೆ ಏರಿಸುವಾಗಲೂ ನಗುತ್ತಲೇ ಏರಿಸುತ್ತಾರೆ. ಅವರ ಟೆರೇಸ್ ಮೇಲೆ ಡಿಶ್ ಆಂಟೆನಾ ಇದೆ. ನಮ್ಮ ಮನೆಯಲ್ಲಿ ಟಿವಿ ಇದೆ, ಆದರೆ ಸಂಜೆ ಆರರಿಂದ ಹತ್ತರವರೆಗೆ ಅದು ಅಮ್ಮನ ಸೀರಿಯಲ್‌ಗಳ ಆಸ್ತಿ. ಹೀಗಾಗಿ ನಾನು ಮ್ಯಾಚ್ ನೋಡುವುದು ಫೋನಿನಲ್ಲಿ, ಅಡುಗೆಮನೆ ಪಕ್ಕದ ರೂಮಿನಲ್ಲಿ, ಅಕ್ಕಿ ಮೂಟೆಗೆ ಒರಗಿಕೊಂಡು.

ಕಷ್ಟ ಶುರುವಾಗುವುದೇ ಇಲ್ಲಿ. ಫೋನಿಗೆ ಬರುವ ಆಟವನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟರ್‌ನೆಟ್‌ನಲ್ಲಿ ಕಳಿಸುತ್ತಾರಂತೆ. ಮಧ್ಯೆ ಮಧ್ಯೆ ನಿಲ್ಲಬಾರದು ಅಂತ ಫೋನು ನಾಲ್ಕಾರು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. ಅಂಕಲ್ ಮನೆಗೆ ಬರುವ ಸಿಗ್ನಲ್ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಹೋಗಿ, ವಾಪಸ್ ಇಳಿದು ಬರಬೇಕು. ಆದರೂ ಅದೇ ಮೊದಲು ಬರುತ್ತದೆ! ಚಿನ್ನಸ್ವಾಮಿ ಸ್ಟೇಡಿಯಂ ನಮ್ಮ ಮನೆಯಿಂದ ಆಟೋ ಹತ್ತಿದರೆ ಸಿಗುವ ದೂರ. ಅಲ್ಲಿ ಬಿದ್ದ ವಿಕೆಟ್ ಬಾಹ್ಯಾಕಾಶ ಸುತ್ತಿ ಬಂದು ಅಂಕಲ್ ಬಾಯಿಂದ ಹೊರಬಿದ್ದಾಗ, ನನ್ನ ಫೋನಿನಲ್ಲಿ ಬೌಲರ್ ಇನ್ನೂ ಚೆಂಡು ಪ್ಯಾಂಟಿಗೆ ಉಜ್ಜುತ್ತಿರುತ್ತಾನೆ.

ಇಂಟರ್‌ನೆಟ್ ಹುಡುಗನನ್ನು ಕರೆಸಿದೆ. ಅವನು ರೂಟರ್ ಆಫ್ ಮಾಡಿ, ಆನ್ ಮಾಡಿ, "ಈಗ ನೋಡಿ ಸಾರ್" ಅಂತ ಹೇಳಿ ಹೋದ. ನೋಡಿದೆ. ಅಷ್ಟೇ.

ಇಯರ್‌ಫೋನ್ ಹಾಕಿಕೊಂಡರೆ ಆಯ್ತಲ್ಲ ಅಂತ ನೀವು ಕೇಳಬಹುದು. ಅಂಕಲ್ ಬರೀ ಬಾಯಲ್ಲಿ ಮ್ಯಾಚ್ ನೋಡುವವರಲ್ಲ. ಖುಷಿಯಾದರೆ ಅವರಿಗೆ ಸ್ವರ ಹೊರಡುವುದಿಲ್ಲ, ಕಾಲು ಕುಟ್ಟುತ್ತಾರೆ. ನಮ್ಮ ಟ್ಯೂಬ್‌ಲೈಟ್ ಒಮ್ಮೆ ಮಿಣುಕುತ್ತದೆ. ಇಯರ್‌ಫೋನ್ ಹಾಕಿದ್ದರೂ ಬೌಂಡರಿ ಬೆನ್ನುಮೂಳೆಗೆ ಗೊತ್ತಾಗುತ್ತದೆ. ನಾಲ್ಕೈದು ವರ್ಷದಲ್ಲಿ ನಾನು ಈ ಭಾಷೆಯನ್ನು ಪೂರ್ತಿ ಕಲಿತಿದ್ದೇನೆ. ಸುಮ್ನೆ "ಅಯ್" ಅಂದರೆ ಚೆಂಡು ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಮುಂದೆ ಬಿತ್ತು ಅಂತ. ಪೂರ್ತಿ "ಅಯ್ಯೋ" ಅಂದರೆ ವಿಕೆಟ್. "ಅಯ್ಯೋ ಅಯ್ಯೋ ಅಯ್ಯೋ" ಅಂತ ಮೂರು ಸಲ, ಒಂದಕ್ಕಿಂತ ಒಂದು ಎತ್ತರದಲ್ಲಿ ಬಂದರೆ ರನ್ ಔಟ್. ಯಾಕೆಂದರೆ ರನ್ ಔಟ್ ಆಗಲಿಕ್ಕೆ ಟೈಮ್ ಹಿಡಿಯುತ್ತದೆ: ಒಬ್ಬ ಓಡಬೇಕು, ಇನ್ನೊಬ್ಬ ಬೇಡ ಅನ್ನಬೇಕು, ಮೊದಲನೆಯವನು ಮಧ್ಯದಲ್ಲಿ ನಿಂತು ಇವನ ಮುಖ ನೋಡಬೇಕು, ಒಂದೊಂದಕ್ಕೂ ಒಂದೊಂದು ಅಯ್ಯೋ. "ಅಯ್ಯಯ್ಯಪ್ಪಾ" ಅಂದರೆ ನಮ್ಮ ಬೆಂಗಳೂರು ತಂಡ ಆರ್‌ಸಿಬಿಯವರು ಕ್ಯಾಚ್ ಬಿಟ್ಟರು. "ಥೂ, ಇವ್ನ ಮನೆ ಕಾಯೋಗ" ಅಂದರೆ ನೋಬಾಲ್. ಕುರ್ಚಿ ಎಳೆದ ಸದ್ದು ಬಂದರೆ ಟೈಮ್ ಔಟ್, ಅಂಕಲ್ ಮಜ್ಜಿಗೆ ಕುಡಿಯಲು ಎದ್ದರು.

ಇದರಲ್ಲೂ ಅರ್ಥವಾಗದ ಅಯ್ಯೋ ಇರುತ್ತವೆ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ಪರವಾಗಿ ಬಂದು ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ನಮ್ಮನ್ನು ಸೋಲಿಸಿ, ಬ್ಯಾಟಿನಲ್ಲಿ ನೆಲದ ಮೇಲೆ ಗುಂಡಗೆ ಗೆರೆ ಎಳೆದು "ಇದು ನನ್ನ ಜಾಗ" ಅನ್ನೋ ಹಾಗೆ ತೋರಿಸಿದನಲ್ಲ, ಅವತ್ತು ಮೇಲಿಂದ ಅಯ್ಯೋನೂ ಬಂತು, ಕಾಲು ಕುಟ್ಟಿದ ಸದ್ದೂ ಬಂತು, ಎರಡೂ ಒಟ್ಟಿಗೆ. ನಮ್ಮ ಕರ್ನಾಟಕದ ಹುಡುಗ ಹೊಡೆದ ಅನ್ನೋ ಖುಷಿ, ನಮಗೇ ಹೊಡೆದನಲ್ಲ ಅನ್ನೋ ಸಂಕಟ. ಟ್ಯೂಬ್‌ಲೈಟ್ ಏನು ಮಾಡಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ಆರಿಯೇ ಹೋಗಿತ್ತು.

ಹಾಗಾದರೆ ಮೇಲೆ ಹೋಗಿ ಅವರ ಜೊತೆಯೇ ನೋಡಬಾರದಾ? ಹೋಗಿದ್ದೆ. ಈ ಮನೆಗೆ ಬಂದ ಹೊಸದರಲ್ಲಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ, ವಿಕೆಟ್ ಹೋಯಿತು. ಆಂಟಿ ಕೊಟ್ಟ ಕೋಡುಬಳೆ ಕಚ್ಚಿದೆ, ಇನ್ನೊಂದು ಹೋಯಿತು. ಅಂಕಲ್ ಏನೂ ಅನ್ನಲಿಲ್ಲ. "ನಿಮ್ಮನೇಲಿ ಅಮ್ಮ ಒಬ್ರೇ ಇರ್ತಾರೇನೋ ಅಲ್ವಾ?" ಅಂತ ಕೇಳಿದರು. ಕೋಡುಬಳೆ ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದೆ. ಅಲ್ಲಿಂದೀಚೆಗೆ ಮ್ಯಾಚ್ ದಿನ ಬಾಡಿಗೆ ಕೊಡಲಿಕ್ಕೆ ಹೋದರೂ ಬಾಗಿಲಲ್ಲೇ ಇಸಕೊಂಡು ಕಳಿಸುತ್ತಾರೆ.

ಈ ಅರ್ಧ ನಿಮಿಷ ನನಗೆ ಮಾಡಿದ ದೊಡ್ಡ ಮೋಸ 2024ರ ಮೇ 18ರಂದು. ಆ ವರ್ಷ ನಮ್ಮವರು ಮೊದಲ ಎಂಟರಲ್ಲಿ ಏಳು ಸೋತಿದ್ದರು. ಅಲ್ಲಿಗೆ ಬಿಟ್ಟಿದ್ದರೆ ನಮಗೂ ನೆಮ್ಮದಿ, ನಾನೂ ಬೇಗ ಮಲಗುತ್ತಿದ್ದೆ. ಬಿಡಲಿಲ್ಲ, ಸಾಲಾಗಿ ಐದು ಗೆದ್ದು ಕೊನೆಗೆ ಚೆನ್ನೈ ಎದುರು ತಂದು ನಿಲ್ಲಿಸಿದರು. ಕೊನೆಯ ಓವರ್. ಚೆನ್ನೈ 17 ಹೊಡೆದರೆ ಮ್ಯಾಚ್ ಸೋತರೂ ಪ್ಲೇ ಆಫ್‌ಗೆ ಅವರು, ಹೊಡೆಯದಿದ್ದರೆ ನಾವು. ಎದುರಿಗೆ ಧೋನಿ. ನನ್ನ ಫೋನಿನಲ್ಲಿ ಯಶ್ ದಯಾಳ್ ಇನ್ನೂ ಫೀಲ್ಡರ್‌ಗಳಿಗೆ ಕೈ ತೋರಿಸುತ್ತಿದ್ದಾನೆ, ಮೇಲಿಂದ "ಅಯ್ಯೋ!" ಅಂತ ಬಂತು. ಅಂಥ ಅಯ್ಯೋ ನಾನು ಕೇಳೇ ಇರಲಿಲ್ಲ. ಮುಗೀತು ಅಂತ ಫೋನ್ ಬೋರಲು ಹಾಕಿದೆ. ಎದ್ದೆ. ಏನು ಮಾಡಬೇಕೋ ತೋಚದೆ ಕಸದ ಚೀಲ ತಗೊಂಡು ಗೇಟಿನ ಹತ್ತಿರ ಇಡಲು ಹೋದೆ. ಮಧ್ಯರಾತ್ರಿ ಬನಿಯನ್ ಹಾಕಿಕೊಂಡು, ಕೈಯಲ್ಲಿ ಕಸ ಹಿಡಿದು, ನಾಯಿಗೆ "ಹೋಗು" ಅನ್ನುತ್ತಾ ನಿಂತಿದ್ದಾಗ ಇಡೀ ಬೀದಿಯಲ್ಲಿ ಪಟಾಕಿ ಶುರುವಾಯಿತು.

ಆ ಅಯ್ಯೋ ಧೋನಿಯ 110 ಮೀಟರ್ ಸಿಕ್ಸರ್‌ಗೆ. ಮುಂದಿನ ಚೆಂಡಿಗೇ ಅವರು ಔಟು. ಆಮೇಲೆ ಬಂದಿದ್ದು ಒಂದೇ ರನ್. ಹದಿನೇಳು ವರ್ಷ ಕಾದು ಕೂತವನು ನೋಡಬೇಕಿದ್ದ ಚೆಂಡು ಅದು, ಆ ಹೊತ್ತಿಗೆ ನಾನು ನೋಡಿದ್ದು ಬಾಳೆಹಣ್ಣಿನ ಸಿಪ್ಪೆ. ಮುಂದಿನ ಬುಧವಾರ ಅಹಮದಾಬಾದಿನಲ್ಲಿ ರಾಜಸ್ಥಾನದ ಎದುರು ಸೋತು ಮನೆಗೆ ಬಂದರು, ಅದು ಬೇರೆ ಮಾತು. ಅದನ್ನು ಮಾತ್ರ ಒಂದು ಚೆಂಡೂ ಬಿಡದೆ ನೋಡಿದೆ.

ಅಂಕಲ್ ಬಾಯಲ್ಲಿ ಲೆಕ್ಕ ಎಲ್ಲ ಇದೆ. ಏಪ್ರಿಲ್ 23 ಅಂದರೆ ಅವರಿಗೆ ಹಬ್ಬವೋ ಶ್ರಾದ್ಧವೋ ತಿಳಿಯದ ದಿನ. 2013ರಲ್ಲಿ ಅದೇ ತಾರೀಕು ಗೇಲ್ ಒಬ್ಬನೇ 175 ಹೊಡೆದು ತಂಡ 263 ಮಾಡಿತ್ತು. 2017ರಲ್ಲಿ ಅದೇ ತಾರೀಕು ಕೋಲ್ಕತ್ತಾದಲ್ಲಿ ಇಡೀ ತಂಡ ಸೇರಿ 49. ಒಬ್ಬನೂ ಎರಡಂಕಿ ಮುಟ್ಟಲಿಲ್ಲ. 2009ರ ಫೈನಲ್ ಆರು ರನ್ನಿನಲ್ಲಿ ಹೋಯಿತು, 2011ರದ್ದು 58ರಲ್ಲಿ. 2016ರದ್ದು ಎಂಟು ರನ್ನಿನಲ್ಲಿ, ಅದೂ ನಮ್ಮೂರಲ್ಲೇ. ಆ ಕೊನೆಯದ್ದನ್ನು ಹೇಳುವಾಗ ಅಂಕಲ್ ಕನ್ನಡಕ ತೆಗೆಯುತ್ತಾರೆ.

ಕೊನೆಗೆ ಕಪ್ ಬಂತು. 2025, ಜೂನ್ 3. ಅವತ್ತು ಮೇಲಿನಿಂದ ಏನೂ ಕೇಳಿಸಲಿಲ್ಲ. ಅಯ್ಯೋ ಇಲ್ಲ, ಕಾಲು ಇಲ್ಲ, ಕುರ್ಚಿ ಇಲ್ಲ. ನನಗೆ ಭಯವಾಯಿತು, ವಯಸ್ಸಾದವರು ಬೇರೆ. ಪಂಜಾಬಿಗೆ ಕೊನೆಯ ಓವರಿನಲ್ಲಿ 29 ಬೇಕು. ಹೇಜಲ್‌ವುಡ್ ಮೊದಲೆರಡು ಚೆಂಡಿಗೆ ರನ್ ಕೊಡಲಿಲ್ಲ. ಅಷ್ಟರಲ್ಲಿ ನಮ್ಮ ಮನೆ ಬೆಲ್ ಆಯಿತು. ಅಂಕಲ್ ನಿಂತಿದ್ದಾರೆ, ಪಂಚೆ ಒಂದು ಕಡೆ, ಟವೆಲ್ ಒಂದು ಕಡೆ, ಎರಡೂ ಕಣ್ಣಲ್ಲಿ ನೀರು. "ಬಂತು ಕಣ್ರೀ" ಅಂದರು. ನನ್ನ ಕೈಯಲ್ಲಿದ್ದ ಫೋನಿನಲ್ಲಿ ಶಶಾಂಕ್ ಸಿಂಗ್ ಸಿಕ್ಸರ್ ಹೊಡೆದ. ಆಮೇಲೆ ಫೋರ್ ಹೊಡೆದ. ಕಪ್ ಗೆದ್ದವರು ಎದುರಿಗೆ ನಿಂತು ಅಳುತ್ತಿದ್ದಾರೆ, ನನಗೆ ಇನ್ನೂ ಎದೆ ಹೊಡೆದುಕೊಳ್ಳುತ್ತಿದೆ. ಇನ್ನೊಂದು ಸಿಕ್ಸರ್ ಹೋಯಿತು. "ನಿಮ್ದು ಇನ್ನೂ ಮುಗಿದಿಲ್ವಾ?" ಅಂತ ಅಂಕಲ್ ಫೋನಿನೊಳಗೆ ಬಗ್ಗಿ ನೋಡಿದರು. ಇಬ್ಬರೂ ಬಾಗಿಲಲ್ಲೇ ನಿಂತು ಕಾದೆವು. ಆರು ರನ್ನಿನಲ್ಲಿ ಗೆದ್ದೆವು. "2009ರಲ್ಲಿ ಹೋದ ಆರು, ನೋಡಿ" ಅಂದರು ಅಂಕಲ್. ಎಲ್ಲರೂ ಹದಿನೆಂಟು ಸೀಸನ್ ಕಾದರು ಅಂತಾರೆ. ನಾನು ಹದಿನೆಂಟು ಸೀಸನ್ ಮತ್ತು ಅರ್ಧ ನಿಮಿಷ.

ಮಾರನೇ ದಿನ ವಿಜಯೋತ್ಸವಕ್ಕೆ ಜನ ಸೇರಿ ಚಿನ್ನಸ್ವಾಮಿ ಸ್ಟೇಡಿಯಂ ಗೇಟುಗಳ ಹತ್ತಿರ ನೂಕುನುಗ್ಗಲಾಗಿ 11 ಜನ ತೀರಿಹೋದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಅಂಕಲ್ ಮೊಮ್ಮಗನೂ ಹೊರಟು ನಿಂತಿದ್ದ, ಆಂಟಿ ಬೈದು ಕೂರಿಸಿದ್ದರು. ಆ ರಾತ್ರಿ ಮೇಲಿನ ಮನೆಯ ಟಿವಿ ಬೇಗ ಆಫ್ ಆಯಿತು. ಟೆರೇಸಿಗೆ ಕಟ್ಟಿದ್ದ ಕೆಂಪು ಬಾವುಟವನ್ನು ಅಂಕಲ್ ಯಾವಾಗ ಬಿಚ್ಚಿದರೋ ಗೊತ್ತಾಗಲಿಲ್ಲ. ಆ ಕಪ್ಪಿನ ಬಗ್ಗೆ ನಾವಿಬ್ಬರೂ ಅದಾದ ಮೇಲೆ ಜಾಸ್ತಿ ಮಾತಾಡಿಲ್ಲ.

ಆದರೆ ಅಭ್ಯಾಸ ಎಲ್ಲಿ ಹೋಗುತ್ತದೆ? ಕಬಡ್ಡಿ ಬಂತು, ಅಯ್ಯೋ ಮತ್ತೆ ಶುರುವಾಯಿತು. ಬೆಂಗಳೂರು ಬುಲ್ಸ್ ಆರನೇ ಸೀಸನ್ನಿನಲ್ಲಿ ಚಾಂಪಿಯನ್, ಫೈನಲಿನಲ್ಲಿ ಪವನ್ ಶೆರಾವತ್ ಒಬ್ಬನೇ 22 ಪಾಯಿಂಟ್ ತಂದಿದ್ದ. ಅದೇ ತಂಡ ಹನ್ನೊಂದನೇ ಸೀಸನ್ನಿನಲ್ಲಿ ಹನ್ನೆರಡು ತಂಡದಲ್ಲಿ ಹನ್ನೆರಡನೆಯದು. ಕಬಡ್ಡಿಯಲ್ಲಿ ಒಂದು ರೇಡಿಗೆ ಮೂವತ್ತು ಸೆಕೆಂಡ್. ಅಂದರೆ ನಾನು ಸರಿಯಾಗಿ ಒಂದು ರೇಡ್ ಹಿಂದೆ. ಅಂಕಲ್ ಮನೆಯಲ್ಲಿ ಹಿಡಿದು ಕೆಡವಿದ ರೇಡರ್ ನಮ್ಮ ಮನೆಯಲ್ಲಿ ಇನ್ನೂ ಗೆರೆ ಮುಟ್ಟಿ ನಮಸ್ಕಾರ ಮಾಡುತ್ತಿರುತ್ತಾನೆ. ಹೋಗಬೇಡ ಮಾರಾಯ ಅಂತ ಹೇಳೋಣ ಅನಿಸುತ್ತದೆ. ಹೇಳಿಯೂ ಇದ್ದೇನೆ, ಹೆಂಡತಿ ಬಂದು ಯಾರ ಜೊತೆ ಮಾತಾಡ್ತಿದೀರಿ ಅಂತ ಕೇಳಿದ್ದಾಳೆ.

ನನಗೇ ಅರ್ಥವಾಗದ ವಿಷಯ ಒಂದಿದೆ. ಮೇಲಿಂದ ವಿಕೆಟ್ಟಿನ ಅಯ್ಯೋ ಕೇಳಿದ ಮೇಲೂ ನಾನು ನೋಡುತ್ತೇನೆ. ಚೆಂಡು ಗಾಳಿಯಲ್ಲಿ ಏಳುತ್ತದೆ, ಕೆಳಗೆ ಫೀಲ್ಡರ್ ಕಾದು ನಿಂತಿದ್ದಾನೆ, ಅವನು ಹಿಡಿದಾಗಿದೆ ಅಂತ ನನಗೆ ಅರ್ಧ ನಿಮಿಷದ ಹಿಂದೆಯೇ ಗೊತ್ತು. ಆದರೂ ಬಿಡಬಹುದೇನೋ ಅಂತ ಉಸಿರು ಬಿಗಿ ಹಿಡಿಯುತ್ತೇನೆ. ಇದಕ್ಕೆ ಮದ್ದಿಲ್ಲ.

ನಿನ್ನೆ ರಾತ್ರಿಗೆ ಬರೋಣ. ಇನ್ನೊಂದು ಅಯ್ಯೋ ಬಂತು, ಶರ್ಟು ಸಿಕ್ಕಿಸಿಕೊಂಡು ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಆಂಟಿ ಒಳಗೆ ಮಲಗಿದ್ದಾರೆ, ಅಂಕಲ್ ಕತ್ತಲಲ್ಲಿ ಒಬ್ಬರೇ ಟಿವಿ ಮುಂದೆ. 2016ರ ಫೈನಲ್! ಯಾವುದೋ ಚಾನೆಲ್ಲಿನಲ್ಲಿ ಹಳೆಯ ಮ್ಯಾಚ್ ಹಾಕಿದ್ದರು. ನಾನು ಕೇಳಿದ ಅಯ್ಯೋಗಳು ವಾಟ್ಸನ್ ಹಾಕಿದ ಓವರುಗಳಿಗೆ. ನಾಲ್ಕು ಓವರಿಗೆ 61 ಕೊಟ್ಟ ಪುಣ್ಯಾತ್ಮ.

"ಅಂಕಲ್, ಇದು ಸೋತಿದ್ದಲ್ವಾ?" ಅಂದೆ.

"ಗೊತ್ತು. ಬನ್ನಿ, ಕೂತ್ಕೊಳ್ಳಿ. ಇವತ್ತು ಪರವಾಗಿಲ್ಲ, ಹಳೇದು ತಾನೆ."

ಎಷ್ಟು ವರ್ಷದ ಮೇಲೆ ಒಳಗೆ ಬಿಟ್ಟರು! ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ನಮ್ಮ ಬ್ಯಾಟಿಂಗ್ ಶುರುವಾಯಿತು. 209 ಬೇಕು. ಗೇಲ್ ಹೊಡೆಯುತ್ತಿದ್ದ, ಆ ಕಡೆ ಕೊಹ್ಲಿ, ಆ ವರ್ಷ 973 ರನ್ ಹೊಡೆದ ಕೊಹ್ಲಿ. ಹತ್ತು ಓವರಾದರೂ ಒಂದು ವಿಕೆಟ್ ಬೀಳಲಿಲ್ಲ. ನಾವಿಬ್ಬರೂ ಒಂದೇ ಸಲಕ್ಕೆ ಕಾಲು ಕುಟ್ಟಿದೆವು. ಕೆಳಗೆ ನಮ್ಮ ಟ್ಯೂಬ್‌ಲೈಟ್ ಏನಾಯಿತೋ. ಅಂಕಲ್ ಒಳಗೆ ಹೋಗಿ ಡಬ್ಬಿ ತಂದರು. ಕೋಡುಬಳೆ. ಒಂದು ತೆಗೆದು ಕಚ್ಚಿದೆ.

ಗೇಲ್ ಔಟ್. 114ಕ್ಕೆ 1.

ಅಂಕಲ್ ಅಯ್ಯೋ ಅನ್ನಲಿಲ್ಲ. ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಅಂಕಲ್, ಅವನು 2016ರಲ್ಲೇ ಔಟಾಗಿದ್ದು" ಅಂದೆ.

"ಗೊತ್ತು ಕಣ್ರೀ. ಆದ್ರೂ ನೀವು ಒಂಚೂರು ಆ ಬಾಗಿಲ ಹತ್ರ ಕೂತ್ಕೊಳ್ಳಿ. ಕೊಹ್ಲಿ ಇದ್ದಾನೆ, ಎಬಿ ಬರೋದಿದೆ."

ಕೋಡುಬಳೆ ಡಬ್ಬಿಯಲ್ಲಿ ವಾಪಸ್ ಹಾಕುವ ಹಾಗಿರಲಿಲ್ಲ, ಕಚ್ಚಿಬಿಟ್ಟಿದ್ದೆ. ಕೈಯಲ್ಲೇ ಹಿಡಿದುಕೊಂಡು ಹೋಗಿ ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡ್ ಪಕ್ಕದ ಸ್ಟೂಲಿನ ಮೇಲೆ ಕೂತೆ.