ಒಂದು ಲೋಡ್ ಕೆಮ್ಮಣ್ಣು ತರಿಸುವ ಮೊದಲು

"ಮನೆ ಹಿಂದೆ ಸ್ವಲ್ಪ ಜಾಗ ಇದೆ. ನಾಲ್ಕು ತರಕಾರಿ ಹಾಕೋಣ ಅಂತ. ಮಣ್ಣು ಚೆನ್ನಾಗಿಲ್ಲ, ಒಂದು ಲೋಡ್ ಕೆಮ್ಮಣ್ಣು ಹೊಡಿಸಿದರೆ ಸಾಕಲ್ವಾ?" ಹೊಸ ಮನೆಗೆ ಹೋದ ಮೂವರು ಸ್ನೇಹಿತರು ಈ ತಿಂಗಳಲ್ಲೇ ಕೇಳಿದರು. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲೇ ಬರೆಯೋಣ ಅನ್ನಿಸಿತು.

ಸಾಕಾಗಲ್ಲ. ದಯವಿಟ್ಟು ಹೊಡಿಸಬೇಡಿ.

ಆ ಟ್ರ್ಯಾಕ್ಟರ್ ಮಣ್ಣು ಎಲ್ಲಿಂದ ಬರುತ್ತದೆ ಅಂತ ಒಮ್ಮೆ ವಿಚಾರಿಸಿ. ಬಹಳ ಸಲ ಅದು ಇನ್ನೊಬ್ಬರ ಸೈಟಿನಲ್ಲಿ ಪಾಯ ತೆಗೆದ ಮಣ್ಣು, ಇಲ್ಲವೇ ಬೇಸ್‌ಮೆಂಟಿಗೆ ಅಗೆದ ಮಣ್ಣು. ಆರು, ಎಂಟು, ಹತ್ತು ಅಡಿ ಆಳದ್ದು. ನೋಡಲು ಕೆಂಪಗೆ ಚೆಂದ. ಆದರೆ ಅಷ್ಟು ಆಳದಲ್ಲಿ ಎಲೆ ಕೊಳೆತಿಲ್ಲ, ಹುಲ್ಲಿನ ಬೇರು ಓಡಿಲ್ಲ, ಎರೆಹುಳು ಆಡಿಲ್ಲ. ಎರಡು ಮಳೆ ಬಿದ್ದು ಒಣಗಿದರೆ ಇಟ್ಟಿಗೆಯ ಹಾಗೆ ಗಟ್ಟಿ. ಒಂದು ವೇಳೆ ಒಳ್ಳೆಯ ಮೇಲ್ಮಣ್ಣೇ ಬಂತು ಅನ್ನಿ. ಆಗ ಯಾವುದೋ ಹೊಲದ ಮೈ ಸುಲಿದು ತಂದಿದ್ದಾರೆ ಅಂತ ಅರ್ಥ. ನಮ್ಮ ಎರಡು ಪಾತಿ ಬದನೆಗೋಸ್ಕರ ಇನ್ನೊಂದು ಹೊಲ ಬೋಳಾಗುವುದು ನನಗೆ ಒಪ್ಪಿಗೆಯಿಲ್ಲ.

ನಮ್ಮದು ಮೈಸೂರಿನ ಹೊರವಲಯ. ಬಡಾವಣೆ ಆಗುವ ಮುಂಚೆ ಇಲ್ಲಿ ರಾಗಿ, ಹುರುಳಿ ಬೆಳೆಯುತ್ತಿದ್ದರು. ಮನೆ ಹಿಂದೆ 12 ಅಡಿ ಉದ್ದ, 10 ಅಡಿ ಅಗಲದ ಜಾಗ ಬಿಟ್ಟಿದ್ದೆವು. ಕಟ್ಟಿದವರು ಕೆಲಸ ಮುಗಿಸಿ ಹೋಗುವಾಗ ಅದನ್ನು ಚೊಕ್ಕವಾಗಿ ಸಮ ಮಾಡಿ ಕೊಟ್ಟರು. ಮೇಲೆ ಕೆಂಪು ಮಣ್ಣು. ಕರಿಬೇವು, ದಾಸವಾಳ, ಒಂದು ಸಾಲು ಬದನೆ ನೆಟ್ಟೆ. ಮೂರು ತಿಂಗಳಲ್ಲಿ ಹೊಸ ಚಿಗುರೆಲ್ಲ ಹಳದಿ. ನರ ಮಾತ್ರ ಹಸಿರು, ನಡುವಿನ ಎಲೆ ನಿಂಬೆಹಣ್ಣಿನ ಬಣ್ಣ. ಗೊಬ್ಬರ ಹಾಕಿದೆ, ಟಾನಿಕ್ ಹೊಡೆದೆ. ಏನೂ ಆಗಲಿಲ್ಲ.

ಕೊನೆಗೆ ಪಿಕಾಸಿ ತಗೊಂಡು ಒಂದು ಏಟು ಹಾಕಿದೆ. ಠಣ್ ಅಂತು. ಕೆಂಪು ಮಣ್ಣು ಇದ್ದದ್ದು ಮೂರೇ ಇಂಚು. ಕೆಳಗೆ ಟೈಲ್ಸ್ ಚೂರು, ಗಾರೆ, ಕಂಬಿ ಕಟ್ಟುವ ತಂತಿ, ಪಿವಿಸಿ ಪೈಪಿನ ತುಂಡು, ಪೇಂಟ್ ಡಬ್ಬದ ಮುಚ್ಚಳ. ಒಂದು ಮೂಲೆಯಲ್ಲಿ ಪೂರ್ತಿ ಒಂದು ಮೂಟೆ ಸಿಮೆಂಟ್ ಮಳೆಗೆ ಗಟ್ಟಿಯಾಗಿ ಹಾಗೇ ಹೂತಿತ್ತು. ಚೀಲ ಹರಿದು ಹೋಗಿದೆ, ಆದರೆ ಚೀಲದ ಮಡಿಕೆ, ಹೊಲಿಗೆಯ ಗುರುತು ಸಮೇತ ಕಲ್ಲಾಗಿ ಕೂತಿದೆ. ಅದರ ಸುತ್ತ ಒಂದು ಗೇಣು ಮಣ್ಣು ಬೂದು ಬಣ್ಣಕ್ಕೆ ತಿರುಗಿತ್ತು. ಕರಿಬೇವಿನ ಬೇರು ಅಲ್ಲಿಯವರೆಗೆ ಬಂದು ಪಕ್ಕಕ್ಕೆ ತಿರುಗಿಕೊಂಡಿತ್ತು. ಅದನ್ನು ನೋಡಿ ನಿಜವಾಗಿ ಹೊಟ್ಟೆ ಉರಿಯಿತು.

ಕಲ್ಲಿನಿಂದ ಗಿಡಕ್ಕೆ ಅಷ್ಟೇನೂ ತೊಂದರೆ ಇಲ್ಲ. ತೊಂದರೆ ಸಿಮೆಂಟು, ಸುಣ್ಣದ್ದು. ಗಾರೆಯಲ್ಲಿರುವ ಸುಣ್ಣದ ಅಂಶ ಮಣ್ಣಿನ ರಸಸಾರವನ್ನು (ಪಿಎಚ್) ಏರಿಸುತ್ತದೆ, ಅಂದರೆ ಮಣ್ಣು ಕ್ಷಾರವಾಗುತ್ತದೆ. ತರಕಾರಿಗೆ 6.5ರಿಂದ 7.5ರ ಆಸುಪಾಸು ಇದ್ದರೆ ಒಳ್ಳೆಯದು. 8 ದಾಟಿದರೆ ಮಣ್ಣಿನಲ್ಲಿ ಕಬ್ಬಿಣ, ಸತು ಇದ್ದರೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗುವುದು ಅದಕ್ಕೇ. ಬಡಿಸಿದ ಎಲೆಯ ಮುಂದೆ ಕೈಕಟ್ಟಿ ಕೂರಿಸಿದ ಹಾಗೆ. ಇನ್ನೂ ಎಷ್ಟು ಗೊಬ್ಬರ ಸುರಿದರೆ ಏನು ಬಂತು?

ನೀವೇ ನೋಡಬಹುದು. ಒಂದು ಚಮಚ ಒಣಮಣ್ಣಿನ ಮೇಲೆ ನಿಂಬೆರಸ ಹಿಂಡಿ, ವಿನೆಗರ್ ಇದ್ದರೆ ಇನ್ನೂ ಒಳ್ಳೆಯದು. ಬುಸಬುಸ ನೊರೆ ಬಂದರೆ ಸುಣ್ಣ ಇದೆ ಅಂತ. ನಮ್ಮ ಬೂದು ಮಣ್ಣು ಸೋಡಾದ ಹಾಗೆ ಉಕ್ಕಿತು. ಸರಿಯಾದ ಲೆಕ್ಕ ಬೇಕಾದರೆ ಮಣ್ಣು ಪರೀಕ್ಷೆ ಮಾಡಿಸಿ. ಐದಾರು ಕಡೆ ಅರ್ಧ ಅಡಿ ಆಳಕ್ಕೆ ವಿ ಆಕಾರದಲ್ಲಿ ಅಗೆದು, ಗುಂಡಿಯ ಪಕ್ಕದಿಂದ ತೆಳ್ಳಗೆ ಮಣ್ಣು ಕೆರೆದು ತೆಗೆಯಿರಿ. ಎಲ್ಲ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕೊಡಿ. ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ, ಇಲ್ಲವೇ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ನಮ್ಮ ಕಡೆ ಸುತ್ತೂರಿನಲ್ಲಿದೆ. ನಮ್ಮ ಮಣ್ಣಿನ ರಸಸಾರ 8.3 ಬಂತು. ಸಾವಯವ ಇಂಗಾಲ, ಅಂದರೆ ಎಲೆ, ಗೊಬ್ಬರ ಕೊಳೆತು ಮಣ್ಣಿಗೆ ಸೇರಿದ ಅಂಶ, ಶೇ. 0.28. ಅದು 0.5ಕ್ಕಿಂತ ಕಮ್ಮಿ ಇದ್ದರೆ ಬಡ ಮಣ್ಣು ಅಂತಲೇ ಲೆಕ್ಕ.

ಆಮೇಲೆ ಶುರುವಾಯಿತು ಕೆಲಸ. ವಾರಕ್ಕೆ ಎರಡು ಬೆಳಗ್ಗೆ, ಎರಡು ತಿಂಗಳು. ಒಂದೂವರೆ ಅಡಿ ಆಳಕ್ಕೆ ಅಗೆದು, ಮರಳು ಜರಡಿ ಓರೆಯಾಗಿ ನಿಲ್ಲಿಸಿ, ಮಣ್ಣನ್ನು ಸಲಿಕೆಯಲ್ಲಿ ಎಸೆದೆ. ಮಳೆ ಬಂದ ಮಾರನೇ ದಿನ ಮಾಡಬೇಡಿ, ಜರಡಿಗೆ ಮೆತ್ತಿಕೊಳ್ಳುತ್ತದೆ. ಪೂರ್ತಿ ಒಣಗಿದಾಗಲೂ ಬೇಡ, ದೂಳು ಎದೆಗೆ ಹೋಗುತ್ತದೆ. ಹದ ಇರುವಾಗ ಮಾಡಿ. ಮೂಗಿಗೆ ಮಾಸ್ಕ್, ಕೈಗೆ ದಪ್ಪ ಗ್ಲೌಸ್ ಇರಲೇಬೇಕು. ಹಳೇ ಸಿಮೆಂಟ್ ಶೀಟಿನ ಚೂರು ಸಿಕ್ಕರೆ ಒಡೆಯಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ದೂಳು ಎದೆಗೆ ಹೋಗಬಾರದು. ನೀರು ಚಿಮುಕಿಸಿ, ಹಾಗೇ ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ.

ಒಟ್ಟು 85 ಬಾಂಡ್ಲಿ ಹೊರಗೆ ಬಂತು. ಎಲ್ಲವನ್ನೂ ಬಿಸಾಡಬೇಕಿಲ್ಲ. ಗಾರೆ, ಸಿಮೆಂಟ್, ಗಾಜು, ಪ್ಲಾಸ್ಟಿಕ್, ಪೇಂಟ್ ಹತ್ತಿದ ಚೂರು ಹೋಗಲೇಬೇಕು. ಗಾರೆ ಮೆತ್ತದ ಇಟ್ಟಿಗೆ ಚೂರು ಏನೂ ಮಾಡಲ್ಲ, ನೀರು ಕುಡಿದು ಇಟ್ಟುಕೊಳ್ಳುತ್ತದೆ. ಗೋಲಿ ಗಾತ್ರದ ಕಲ್ಲು ಇದ್ದರೆ ಇರಲಿ. ದಪ್ಪ ಕಲ್ಲು, ಇಟ್ಟಿಗೆಯನ್ನು ಪಾತಿಗಳ ನಡುವಿನ ದಾರಿಗೆ ತುಂಬಿದೆ. ಈಗ ಮಳೆಯಲ್ಲೂ ಕಾಲಿಗೆ ಕೆಸರಾಗಲ್ಲ.

ಹೀಗೆ ಸೋಸಿದ ಮಣ್ಣು ಹಸಿದ ಮಣ್ಣು. ಅದಕ್ಕೆ ಊಟ ಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 15 ಚೀಲ ತರಿಸಿ, ಎರಡು ಮೂರು ಇಂಚು ಹರಡಿ, ಮೇಲಿನ ಅರ್ಧ ಅಡಿಗೆ ಬೆರೆಸಿದೆ. ಕೈಯಲ್ಲಿ ಹಿಡಿದರೆ ಕಾಫಿಪುಡಿಯ ಹಾಗೆ ಉದುರಬೇಕು, ಸಗಣಿ ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಗ್ಯಾರಂಟಿ.

ಇಲ್ಲಿಗೇ ನಿಲ್ಲಿಸಿ ಸಸಿ ನೆಡಲು ಎಲ್ಲರಿಗೂ ಅವಸರ. ನನ್ನ ಮಾತು ಕೇಳಿ, ಒಂದು ಮುಂಗಾರು ಬಿಟ್ಟುಕೊಡಿ. ಮೊದಲ ಮಳೆಗೆ ಸೆಣಬು (ಹಸಿರೆಲೆ ಗೊಬ್ಬರಕ್ಕೆ ಬೆಳೆಯುವ ಅಪ್ಸೆಣಬು), ಅಲಸಂದೆ, ಹುರುಳಿ ಬೆರೆಸಿ ಒತ್ತಾಗಿ ಎರಚಿ. ಇವು ದ್ವಿದಳ, ಗಾಳಿಯ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದಿಡುತ್ತವೆ. ಬೇರು ಗಟ್ಟಿ ಮಣ್ಣನ್ನು ಸೀಳುತ್ತದೆ. 45–50 ದಿನಕ್ಕೆ ಹೂ ಕಾಣಿಸುತ್ತಿದ್ದ ಹಾಗೆ ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿ. ತಡ ಮಾಡಿದರೆ ಕಾಂಡ ಕಟ್ಟಿಗೆಯಾಗಿ ಬೇಗ ಕೊಳೆಯಲ್ಲ. ಹೊಂಗೆ, ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಸೊಪ್ಪು ಸಿಕ್ಕರೆ ಅದನ್ನೂ ಸೇರಿಸಿ. ಮೂರು ವಾರ ಕೊಳೆಯಲು ಬಿಟ್ಟು ಆಮೇಲೆ ಸಸಿ ನೆಡಿ. ಮೂರೂವರೆ ಅಡಿ ಅಗಲದ ಪಾತಿ ಮಾಡಿ, ಎರಡೂ ಕಡೆಯಿಂದ ನಡುವಿಗೆ ಕೈ ಎಟಕುತ್ತದೆ. ಒಮ್ಮೆ ಮಾಡಿದ ಪಾತಿಯನ್ನು ಮತ್ತೆ ತುಳಿಯಬೇಡಿ. ಮಣ್ಣನ್ನು ಬರಿಮೈಯಲ್ಲಿ ಬಿಡಬೇಡಿ, ಒಣ ಎಲೆಯೋ ಭತ್ತದ ಹುಲ್ಲೋ ಹೊದಿಸಿ.

ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಬೂದಿ ಹಾಕಿ ಅಂತಾರೆ. ಸಿಮೆಂಟ್ ಬಿದ್ದ ಮಣ್ಣಿಗೆ ಬೂದಿ ಬೇಡವೇ ಬೇಡ, ಅದೂ ಕ್ಷಾರವೇ. ಸುಣ್ಣವಂತೂ ಕೇಳಲೇಬೇಡಿ. ಗಂಧಕ ರಸಸಾರ ಇಳಿಸುವುದು ನಿಜ, ಆದರೆ ಗಾರೆ ಚೂರು ಒಳಗೇ ಇದ್ದರೆ ಹಾಕಿದ್ದನ್ನೆಲ್ಲ ಅದೇ ನುಂಗುತ್ತದೆ. ಮೊದಲು ಗಾರೆ ಹೊರಗೆ ಹೋಗಬೇಕು.

ಇನ್ನು ಮನೆ ಕಟ್ಟಲು ಹೊರಟವರಿಗೆ ಕೈಮುಗಿದು ಒಂದು ಮಾತು. ಪಾಯ ತೆಗೆಯುವ ಮೊದಲು ಸೈಟಿನ ಮೇಲಿನ ಅರ್ಧ ಅಡಿ ಮಣ್ಣನ್ನು ಕೆರೆಸಿ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿಸಿ, ಹೊದಿಕೆ ಮುಚ್ಚಿ. ಗಾರೆ ಕಲಸುವುದು ಟಾರ್ಪಾಲಿನ ಮೇಲೆ ಆಗಲಿ. ತ್ಯಾಜ್ಯ ಹೂಳಬಾರದು ಅಂತ ಕರಾರಿನಲ್ಲೇ ಬರೆಸಿ. ಕಟ್ಟಡ ತ್ಯಾಜ್ಯವನ್ನು ಬೇರೆಯಾಗಿ ಇಟ್ಟು ಸರಿಯಾದ ಕಡೆಗೆ ಸಾಗಿಸಬೇಕು ಅಂತ 2016ರಲ್ಲೇ ಕೇಂದ್ರ ಸರ್ಕಾರ ನಿಯಮ ತಂದಿತ್ತು. ನೆಲಕ್ಕೆ ಯಾವ ಗ್ರಾನೈಟ್ ಅಂತ ನಾಲ್ಕು ಅಂಗಡಿ ಸುತ್ತುತ್ತೇವೆ. ಆ ಗ್ರಾನೈಟ್ ಕೊಯ್ದ ದೂಳು ಎಲ್ಲಿ ಸುರಿದರು ಅಂತ ಮಾತ್ರ ನೋಡುವುದಿಲ್ಲ. ನಾನೂ ನೋಡಲಿಲ್ಲ. ಅರ್ಧ ಗಂಟೆ ನಿಂತು ಹೇಳಿದ್ದರೆ ಎರಡು ತಿಂಗಳ ಅಗೆತ ಉಳಿಯುತ್ತಿತ್ತು.

ಎರಡು ವರ್ಷದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದೆ. ರಸಸಾರ 7.7, ಸಾವಯವ ಇಂಗಾಲ 0.61. ಕರಿಬೇವು ಈಗ ಕಪ್ಪು ಹಸಿರು, ನನ್ನ ತಲೆಗಿಂತ ಎತ್ತರ. ಹೋದ ವಾರ ಮೂಲಂಗಿ ಕಿತ್ತಾಗ ಬೇರಿನ ಜೊತೆ ಎರಡು ಎರೆಹುಳು ಬಂದವು. ಮಗಳು ಅವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ ಮತ್ತೆ ಅದೇ ಗುಂಡಿಗೆ ಬಿಟ್ಟು ಮಣ್ಣು ಮುಚ್ಚಿದಳು.

ಸಿಮೆಂಟ್ ಮೂಟೆ ಇದ್ದ ಮೂಲೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಅಲ್ಲಿ ಈ ಸಲವೂ ಸೆಣಬೇ. ಎರಡು ಕಿಲೋ ಬೀಜ ತಂದಿದ್ದೇನೆ, ನನಗೆ ಅರ್ಧ ಕಿಲೋ ಸಾಕು. ಮೈಸೂರಿನಲ್ಲಿ ಇರುವವರು ಯಾರಿಗಾದರೂ ಬೇಕಿದ್ದರೆ ಹೇಳಿ, ಮಳೆ ಹಿಡಿಯುವ ಮುಂಚೆ ಬಂದು ತಗೊಂಡು ಹೋಗಿ. ಜರಡಿ ಬೇಕಾದರೂ ಕೊಡುತ್ತೇನೆ.