ನಿಲ್ಲಲು ಬಾರದ ಹುಡುಗ

ಮಂಜುಗಡ್ಡೆಯ ಮೇಲೆ ಗಾಳಿಯಂತೆ ಜಾರಬಲ್ಲ, ಆದರೆ ನಿಲ್ಲಲು ಬಾರದ ಹುಡುಗನೊಬ್ಬ 1994ರ ‘ಡಿ2: ದಿ ಮೈಟಿ ಡಕ್ಸ್’ ಚಿತ್ರದಲ್ಲಿದ್ದಾನೆ. ಮಯಾಮಿಯ ಲೂಯಿಸ್ ಮೆಂಡೋಜಾ ಎಂಬ ಈತ ಎಲ್ಲರನ್ನೂ ಹಿಂದಿಕ್ಕಿ ಮುನ್ನುಗ್ಗುತ್ತಾನೆ, ಆಮೇಲೆ ಎದುರಿಗೆ ಸಿಕ್ಕಿದ್ದಕ್ಕೆ ಬಡಿದುಕೊಂಡೇ ನಿಲ್ಲುತ್ತಾನೆ. ಸೈಕಲ್ ಕಲಿಯುವಾಗ ಬ್ರೇಕಿನ ನೆನಪಾಗದೆ ಬೇಲಿಗೆ ನುಗ್ಗಿದವರಿಗೆ ಇವನ ಪರಿಚಯ ಹೇಳಬೇಕಾಗಿಲ್ಲ. ಐಸ್ ಹಾಕಿಯ ಗಂಧಗಾಳಿಯಿಲ್ಲದ ನನ್ನನ್ನು ಆ ಚಿತ್ರದೊಳಕ್ಕೆ ಕೈಹಿಡಿದು ಕರೆದುಕೊಂಡವನು ಇವನೇ.

1992ರ ಮೊದಲ ಚಿತ್ರದಲ್ಲಿ ಕೆಲಸ ಸುಲಭವಿತ್ತು. ಕುಡಿದು ಕಾರು ಓಡಿಸಿದ ತಪ್ಪಿಗೆ ಸಮಾಜಸೇವೆಯ ಶಿಕ್ಷೆ ಪಡೆದ ವಕೀಲ ಗಾರ್ಡನ್ ಬಾಂಬೆ, ಮಿನಿಯಾಪೊಲಿಸ್‌ನ ಕೈಲಾಗದ ಹುಡುಗರ ‘ಡಕ್ಸ್’ ಎಂಬ ಐಸ್ ಹಾಕಿ ತಂಡವನ್ನು ಗೆಲ್ಲಿಸಿಬಿಟ್ಟ. ಎರಡನೆಯ ಭಾಗದ ಕಷ್ಟವೆಂದರೆ, ಒಮ್ಮೆ ಗೆದ್ದವರನ್ನು ಮತ್ತೆ ಕೈಲಾಗದವರನ್ನಾಗಿ ಮಾಡಬೇಕು. ಅದಕ್ಕಾಗಿ ಅವರನ್ನು ಅಮೆರಿಕದ ತಂಡವೆಂದು ಲಾಸ್ ಏಂಜಲೀಸಿನ ಕಾಲ್ಪನಿಕ ಕಿರಿಯರ ಕೂಟಕ್ಕೆ ಕಳುಹಿಸಿ, ಎದುರಿಗೆ ಕಪ್ಪು ಸಮವಸ್ತ್ರದ ಐಸ್‌ಲ್ಯಾಂಡನ್ನು ನಿಲ್ಲಿಸಿದ್ದಾರೆ. ಅವರ ತರಬೇತುದಾರನ ಅಡ್ಡಹೆಸರು ‘ದಂತವೈದ್ಯ’ ಎಂದ ಮೇಲೆ ಹೆಚ್ಚೇನು ಹೇಳುವುದು!

ಪಾಪ, ಐಸ್‌ಲ್ಯಾಂಡ್! ಐಸ್ ಹಾಕಿಯ ದೈತ್ಯರೆಂದರೆ ಕೆನಡಾ, ರಷ್ಯಾ, ಸ್ವೀಡನ್; ಆಗ ಮೂರು ಲಕ್ಷ ಜನರೂ ಇರದಿದ್ದ, ನಮ್ಮ ಒಂದು ತಾಲ್ಲೂಕಿನಷ್ಟು ಜನಸಂಖ್ಯೆಯ ಈ ದ್ವೀಪ ಆ ಸಾಲಿನಲ್ಲಿ ಎಂದೂ ಇದ್ದದ್ದಲ್ಲ. ಸೋವಿಯತ್ ಒಕ್ಕೂಟ 1991ರಲ್ಲೇ ಮುಗಿದುಹೋಗಿ ಹಾಲಿವುಡ್ಡಿನ ಖಳನಾಯಕನ ಕುರ್ಚಿ ಖಾಲಿಯಾಗಿದ್ದಾಗ, ಹೆಸರಿನಲ್ಲೇ ಮಂಜುಗಡ್ಡೆಯಿದೆ ಎಂಬ ಒಂದೇ ಅರ್ಹತೆಯ ಮೇಲೆ ಇವರನ್ನು ಅದರಲ್ಲಿ ಕೂರಿಸಿರಬೇಕು ಎಂದು ನನ್ನ ಗುಮಾನಿ.

ಚಿತ್ರದ ನಡುವೆ ಪ್ರಾಯೋಜಕರ ದುಡ್ಡಿಗೆ ಮರುಳಾಗಿ, ತಲೆಗೂದಲನ್ನು ನುಣ್ಣಗೆ ಹಿಂದಕ್ಕೆ ಬಾಚಿಕೊಂಡು ಮಕ್ಕಳನ್ನೇ ಮರೆಯುವ ಬಾಂಬೆಗೆ ಕತೆ ಸರಿಯಾಗಿ ಬುದ್ಧಿ ಕಲಿಸುತ್ತದೆ. ಆದರೆ ಫೈನಲ್ ಪಂದ್ಯದ ಕೊನೆಯ ಅವಧಿಗೆ ಹುಡುಗರು ದೇಶದ ಅಂಗಿ ಕಳಚಿ ‘ಡಕ್ಸ್’ ಅಂಗಿ ತೊಟ್ಟು ಬಂದಾಗ ನಾನು ನಕ್ಕೆ. ಚಿತ್ರ ತಯಾರಿಸಿದ ಡಿಸ್ನಿ ಸಂಸ್ಥೆ 1993ರಲ್ಲಿ ಅನಾಹೈಮ್ ನಗರದಲ್ಲಿ ಅದೇ ಹೆಸರಿನ ನಿಜವಾದ ವೃತ್ತಿಪರ ತಂಡವನ್ನು ಕಟ್ಟಿತ್ತು. ಮಕ್ಕಳು ತೊಟ್ಟದ್ದು ಆ ತಂಡದ ಲಾಂಛನವನ್ನೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೆಂದರೆ ಇದೇ.

ಇಷ್ಟೆಲ್ಲ ಗೊತ್ತಿದ್ದೂ ಕೊನೆಯ ಹೊಡೆತದ ಹೊತ್ತಿಗೆ ನಾನು ಕುರ್ಚಿಯ ತುದಿಗೆ ಬಂದಿರುತ್ತೇನೆ. ಚಿತ್ರದುದ್ದಕ್ಕೂ ಬಹುಪಾಲು ಬೆಂಚಿನ ಮೇಲೆಯೇ ಕೂತಿದ್ದ ಜೂಲಿ ಗ್ಯಾಫ್ನಿಯನ್ನು ಬಾಂಬೆ ಕಟ್ಟಕಡೆಗೆ ಗೋಲು ಕಾಯಲು ಕಳುಹಿಸುತ್ತಾನೆ. ಇವಳ ಅಡ್ಡಹೆಸರೂ ‘ಬೆಕ್ಕು’, ಆದರೆ ಕಣ್ಣು ಮುಚ್ಚುವ ಬೆಕ್ಕಲ್ಲ. ಎದುರಾಳಿಗಳ ಅತ್ಯುತ್ತಮ ಆಟಗಾರ ಗುನ್ನಾರ್ ಬೀಸಿ ಹೊಡೆಯುತ್ತಾನೆ, ಜೂಲಿ ಕೈ ಚಾಚಿ ಬೀಳುತ್ತಾಳೆ, ಚೆಂಡಿನ ಬದಲು ಇಲ್ಲಿ ಬಳಸುವ ರಬ್ಬರ್ ಬಿಲ್ಲೆ, ಅಂದರೆ ಪಕ್, ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಅವಳು ನಿಧಾನವಾಗಿ ಕೈಗವಸನ್ನು ಬಿಡಿಸುತ್ತಾಳೆ; ಒಳಗಿದ್ದ ಪಕ್ ಮಂಜುಗಡ್ಡೆಯ ಮೇಲೆ ಬೀಳುತ್ತದೆ.