ಮಿಸ್ ಹೇಳಿದ್ದಾರೆ

"ಮನೆಯಲ್ಲೂ ಅವಳ ಕೆಲಸ ಅವಳೇ ಮಾಡ್ಕೊಳ್ಲಿ. ನೀವು ನಡುವೆ ಕೈ ಹಾಕ್ಬೇಡಿ," ಅಂದರು ಶಿಶುವಿಹಾರದ ಮಿಸ್. ನಾಲ್ಕು ವರ್ಷದ ಮಗಳ ಎದುರಿಗೇ ಅಂದರು. ಎಡವಟ್ಟಾಗಿದ್ದು ಅಲ್ಲೇ.

ಮಾಂಟೆಸ್ಸರಿ ಪದ್ಧತಿಯಂತೆ. 1907ರಲ್ಲಿ ರೋಮ್‌ನಲ್ಲಿ ಮೊದಲ 'ಮಕ್ಕಳ ಮನೆ' ತೆರೆದ ಮರಿಯಾ ಮಾಂಟೆಸ್ಸರಿ, ಮಕ್ಕಳ ಕೈಗೆ ಒಡೆಯುವ ಗಾಜು, ಪಿಂಗಾಣಿಯನ್ನೇ ಕೊಡಿ ಅನ್ನುತ್ತಿದ್ದರು. ಬಿದ್ದು ಒಡೆದರೆ ತಪ್ಪು ತಾನಾಗೇ ಗೊತ್ತಾಗುತ್ತದೆ, ದೊಡ್ಡವರು ಬೈಯಬೇಕಾಗಿಲ್ಲ. 1939ರಲ್ಲಿ ಮದ್ರಾಸಿಗೂ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಆದರೆ ಆಷಾಢದಲ್ಲಿ ತೀರ್ಥಹಳ್ಳಿ ಕಡೆ ಬಂದಿರಲಿಕ್ಕಿಲ್ಲ. ಬಂದಿದ್ದರೆ ಒರೆಸುವ ಪಾಠಕ್ಕೆ ಮುಂಚೆ, ಯಾವ ಬಟ್ಟೆಯಲ್ಲಿ ಒರೆಸಬಾರದು ಅನ್ನೋ ಪಾಠ ಇಡುತ್ತಿದ್ದರು.

ಮಗಳು ಮಜ್ಜಿಗೆ ತಾನೇ ಬಗ್ಗಿಸಿಕೊಂಡಳು. ಅರ್ಧ ಲೋಟಕ್ಕೆ, ಅರ್ಧ ನೆಲಕ್ಕೆ. ಚೆಲ್ಲಿದವರೇ ಒರೆಸಬೇಕಲ್ವಾ? ಕುರ್ಚಿ ಮೇಲಿದ್ದ ಬಿಳಿ ಬಟ್ಟೆ ಎಳೆದು ಮೂಲೆ ಮೂಲೆ ಬಿಡದೆ ಒರೆಸಿದಳು. ಅದು ನನ್ನ ಪಂಚೆ. ಹೊರಗೆ ಜಡಿಮಳೆ. ಬಚ್ಚಲ ಒಲೆ ಮೇಲಿನ ತಂತಿಯಲ್ಲಿ ಮೂರು ದಿನ ಹೊಗೆ ಕುಡಿದು ಒಣಗಿದ್ದ ಒಂದೇ ಒಂದು ಪಂಚೆ.

"ಅಪ್ಪಾ, ಕ್ಲೀನ್!"

ಬೈಯೋ ಹಾಗಿಲ್ಲ.

ಅದಾದರೂ ಮನೆಯೊಳಗಿನ ಮಾತು. ಊರಿಗೆಲ್ಲ ಗೊತ್ತಾಗಿದ್ದು ನಮ್ಮ ಮನೆ ಸತ್ಯನಾರಾಯಣ ಪೂಜೆ ದಿನ.

ಆ ವಾರ ಶಿಶುವಿಹಾರದಲ್ಲಿ ಚಪ್ಪಲಿ ಪಾಠ ಆಗಿತ್ತು. ಒಂದು ಚಿಟ್ಟೆ ಸ್ಟಿಕ್ಕರನ್ನು ನಡುವೆ ಕತ್ತರಿಸಿ, ಅರ್ಧ ಎಡದ್ದಕ್ಕೆ, ಅರ್ಧ ಬಲದ್ದಕ್ಕೆ ಅಂಟಿಸೋದು. ಪಕ್ಕಪಕ್ಕ ಇಟ್ಟಾಗ ಚಿಟ್ಟೆ ಕೂಡಿದರೆ ಸರಿ, ಇಲ್ಲದಿದ್ದರೆ ಅದಲು ಬದಲು. ಒಳ್ಳೇ ಉಪಾಯ. ಸ್ಟಿಕ್ಕರ್ ಹಾಳೆ ತಂದುಕೊಟ್ಟವನೂ ನಾನೇ.

ಪೂಜೆಗೆ ನಲವತ್ತು ಜನ. ಮಳೆಗಾಲ ಬಂತೆಂದರೆ ನಮ್ಮ ಕಡೆ ಎಲ್ಲರ ಕಾಲಲ್ಲೂ ಅದೇ ನೀಲಿ ಪಟ್ಟಿಯ ಹವಾಯಿ. ನಾವು ಒಳಗೆ ಕಥೆ ಕೇಳುತ್ತಿದ್ದಾಗ ಇವಳು ಮೆಟ್ಟಿಲ ಹತ್ತಿರ ಕೂತು ಕೆಸರು ಚಪ್ಪಲಿಗಳನ್ನೆಲ್ಲ ಬಕೆಟ್ಟಿನಲ್ಲಿ ಅದ್ದಿ ತೊಳೆದಿದ್ದಳು. ಒರೆಸಿದ್ದಳು (ಯಾವ ಬಟ್ಟೆಯಲ್ಲಿ ಅಂತ ಕೇಳಬೇಡಿ). ಜಗಲಿ ಉದ್ದಕ್ಕೂ ಸಾಲಾಗಿ ಇಟ್ಟು, ಮುಗಿಯೋವರೆಗೂ ಚಿಟ್ಟೆ ಅಂಟಿಸಿದ್ದಳು. ಪ್ರತಿ ಜೊತೆಯೂ ಪಕ್ಕಾ, ಒಂದು ಎಡ, ಒಂದು ಬಲ. ಯಾರ ಎಡಕ್ಕೆ ಯಾರ ಬಲ ಅನ್ನೋದು ಮಾತ್ರ ಮಿಸ್ ಹೇಳಿರಲಿಲ್ಲ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದವರೆಲ್ಲ ಸೂರಿನ ನೀರಿಗೆ ಮೈ ಒಡ್ಡಿ ಒಂಟಿ ಕಾಲಲ್ಲಿ ನಿಂತರು. ದೊಡ್ಡಪ್ಪನ ಒಂದು ಚಪ್ಪಲಿಯಲ್ಲಿ ಹಿಮ್ಮಡಿ ಹೊರಗೆ, ಇನ್ನೊಂದರಲ್ಲಿ ಮುಂದೆ ಎರಡು ಬೆರಳಷ್ಟು ಜಾಗ ಖಾಲಿ.

"ಇದು ನಂದಲ್ಲ ಮಾರಾಯ. ನಂದಕ್ಕೆ ಪಿನ್ನು ಹಾಕಿತ್ತು."

ಮಗಳು ಬಗ್ಗಿ ನೋಡಿದಳು. "ಚಿಟ್ಟೆ ಕೂಡಿದೆ ಅಲ್ವಾ ಅಜ್ಜಾ? ಹಂಗಾದ್ರೆ ಸರಿ."

ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಟರು. ವಾರ ಕಳೆದ ಮೇಲೆ ಕೊಪ್ಪದ ಬಸ್ಸಿನ ಕಂಡಕ್ಟರ್ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಕೊಟ್ಟು ಹೋದರು. ಒಳಗೆ ಒಂದೇ ಚಪ್ಪಲಿ, ಅದರ ಮೇಲೆ ಅರ್ಧ ಚಿಟ್ಟೆ. ಕಾಲಿಗೆ ಹಾಕಿ ನೋಡಿದೆ. ನಮ್ಮದಲ್ಲ.